ಕ್ಯಾರಿಯರ್ ಬೋಲ್ಟು ಎರಡನೇ ಸಲ ಅದೇ ಜಾಗದಲ್ಲಿ ಮುರಿದಿದೆ, ದಯವಿಟ್ಟು ಸಹಾಯ ಮಾಡಿ

ಮೈಸೂರು ಪೆಡಲ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನನ್ನದು ಅಲ್ಯೂಮಿನಿಯಂ ಫ್ರೇಮಿನ ಹೈಬ್ರಿಡ್ ಸೈಕಲ್. ಮುಂದೆ ಹಿಂದೆ ಎರಡೂ ಡಿಸ್ಕ್ ಬ್ರೇಕ್. ಹಿಂದಿನ ಕ್ಯಾರಿಯರ್ ಮೇಲೆ ಮಗಳ ಸೀಟು ಹಾಕಿಸಿದ್ದೇನೆ. ಅವಳು ಯುಕೆಜಿ, 16 ಕೆ.ಜಿ. ಇದ್ದಾಳೆ. ಕ್ಯಾರಿಯರ್ ಮೇಲೆ 25 ಕೆ.ಜಿ. ಅಂತ ಅಚ್ಚು ಹಾಕಿದ್ದಾರೆ, ಹಾಗಾಗಿ ತೂಕ ಜಾಸ್ತಿ ಆಯಿತು ಅನ್ನುವಂತಿಲ್ಲ.

ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗುವಾಗ ಒಂದು ಹಂಪ್ ದಾಟಿದ ತಕ್ಷಣ ಟಕ್ ಅಂತ ಸದ್ದು ಬಂತು. ಸೈಕಲ್ ಎಡಕ್ಕೆ ಎಳೆದ ಹಾಗಾಯಿತು. ಮಗಳು "ಅಪ್ಪಾ, ಸೀಟು ಅಲ್ಲಾಡ್ತಿದೆ" ಅಂದಳು. ಇಳಿದು ನೋಡಿದರೆ ಕ್ಯಾರಿಯರಿನ ಎಡಗಾಲು ಫ್ರೇಮಿನಿಂದ ಬಿಟ್ಟುಕೊಂಡು, ಡಿಸ್ಕ್ ಪ್ಲೇಟಿಗೆ ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತ್ತು. ಅವಳಿಗೆ ಏನೂ ಆಗಲಿಲ್ಲ. ಆದರೆ ಆಟೋ ಹಿಡಿದು ಶಾಲೆ ಮುಟ್ಟಿಸುವವರೆಗೂ ನನ್ನ ಕೈ ನಡುಗುತ್ತಿತ್ತು.

ಜೂನ್‌ನಲ್ಲೂ ಇದೇ ಬೋಲ್ಟು ಮುರಿದಿತ್ತು. ಆಗ ಉಳಿದ ತುಂಡು ಸ್ವಲ್ಪ ಹೊರಗಿತ್ತು, ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ತಿರುಗಿಸಿ ತೆಗೆದೆ. ಹೊಸದು ಹಾಕಿ ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಬಿಗಿ ಮಾಡಿದ್ದೆ. ಈಗ ಮತ್ತೆ ಮುರಿದಿದೆ. ಈ ಸಲ ಫ್ರೇಮಿನ ಮಟ್ಟಕ್ಕೇ ಹೋಗಿದೆ, ಹಿಡಿಯಲು ಏನೂ ಸಿಗುತ್ತಿಲ್ಲ. ಹತ್ತಿರದ ಅಂಗಡಿಯವರು "ಏನೂ ಮಾಡೋಕಾಗಲ್ಲ, ಫ್ರೇಮ್ ಹೋಯ್ತು" ಅಂದರು. ನಿಜವಾ? ನಾನು ಜಾಸ್ತಿ ಬಿಗಿ ಮಾಡಿದ್ದಕ್ಕೇ ಮುರಿಯಿತಾ? ತುಂಡನ್ನು ಹೊರಗೆ ತೆಗೆಯುವುದು ಹೇಗೆ?

ಬಸವನಗುಡಿ ಬೆಲ್

ಮೊದಲು ಮಗು ಕ್ಷೇಮ ಅಂತ ಕೇಳಿ ಸಮಾಧಾನ ಆಯಿತು. ಜಾಸ್ತಿ ಬಿಗಿ ಮಾಡಿದ್ದೇ ತಪ್ಪು ಸರ್. ಅದು ಎಂ5 ಬೋಲ್ಟು, ಅಂದರೆ 5 ಮಿ.ಮೀ. ದಪ್ಪ, ಬೆರಳಿಗಿಂತ ಸಣ್ಣ. ಶಕ್ತಿಯೆಲ್ಲ ಹಾಕಿದರೆ ಮುರಿಯದೇ ಇನ್ನೇನು?

ಧಾರವಾಡ ಗಾಲಿ

ಫ್ರೇಮ್ ಹೋಗಿಲ್ಲರೀ, ಹೆದರಬೇಡಿ. ಒಂದು ಬೋಲ್ಟಿಗೆ ಫ್ರೇಮ್ ಬಿಸಾಡುವವರು ಯಾರು?

ಲೇತ್ ಕೆಲಸ

ಬೆಲ್ ಅವರೇ, ಇಷ್ಟು ಬೇಗ ತೀರ್ಪು ಕೊಡಬೇಡಿ. ಬಿಗಿ ಜಾಸ್ತಿಯಾಗಿ ಮುರಿಯುವ ಬೋಲ್ಟು ಬಿಗಿ ಮಾಡುವಾಗಲೇ, ಕೈಯಲ್ಲೇ ಮುರಿಯುತ್ತೆ. ಮೂರು ತಿಂಗಳು ಓಡಿ ಆಮೇಲೆ ಹಂಪ್ ಮೇಲೆ ಮುರಿದಿದೆ ಅಂದರೆ ಕಥೆ ಬೇರೆ.

ಮೈಸೂರಿನವರೇ, ಮುರಿದ ತಲೆಯ ಭಾಗ ಸಿಕ್ಕಿದೆಯಾ? ಅದರ ಮುಖ ಒರೆಸಿ, ಬಿಸಿಲಿನಲ್ಲಿ ಹಿಡಿದು ನೋಡಿ, ಕಂಡದ್ದನ್ನು ಬರೆಯಿರಿ. ಇನ್ನೊಂದು ವಿಷಯ. ಕ್ಯಾರಿಯರಿನ ಕಾಲಿಗೂ ಫ್ರೇಮಿಗೂ ನಡುವೆ ವಾಷರ್ ಜೋಡಿಸಿದ್ದೀರಾ? ಎಷ್ಟು?

ನಾನು ಪೀಣ್ಯದಲ್ಲಿ 22 ವರ್ಷದಿಂದ ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ಇದ್ದೇನೆ. ಮುರಿದ ಬೋಲ್ಟು ತನ್ನ ಕಥೆಯನ್ನು ತಾನೇ ಹೇಳುತ್ತೆ, ನೋಡುವವರು ಬೇಕು ಅಷ್ಟೆ.

ಮೈಸೂರು ಪೆಡಲ್

ಸಿಕ್ಕಿದೆ ಸರ್. ಈಗಷ್ಟೇ ನೋಡಿದೆ. ಮುಖದ ಮುಕ್ಕಾಲು ಭಾಗ ನುಣ್ಣಗೆ ಇದೆ, ಕಂದು ಬಣ್ಣ. ಕಪ್ಪೆಚಿಪ್ಪಿನ ಮೇಲಿರುವ ಹಾಗೆ ಬಾಗಿದ ಗೆರೆಗಳು ಒಂದರ ಪಕ್ಕ ಒಂದು ಕಾಣುತ್ತವೆ. ಉಳಿದ ಕಾಲು ಭಾಗ ಮಾತ್ರ ಬೆಲ್ಲದ ಅಚ್ಚು ಮುರಿದ ಹಾಗೆ ಹರಳು ಹರಳು, ಬೆಳ್ಳಗೆ ಹೊಳೆಯುತ್ತೆ.

ವಾಷರ್ ಹೌದು, ನಾಲ್ಕು ಹಾಕಿದ್ದೆ. ಡಿಸ್ಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಕೂರುವ ಭಾಗ) ಅಡ್ಡ ಬರುತ್ತೆ, ಕ್ಯಾರಿಯರ್ ಕಾಲು ಅದಕ್ಕೆ ತಾಗದ ಹಾಗೆ ದೂರ ಇಡಬೇಕಿತ್ತು. ಒಟ್ಟು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಂತರ. ಬಲಗಡೆ ವಾಷರ್ ಇಲ್ಲ, ನೇರ ಫ್ರೇಮಿಗೇ ಕೂತಿದೆ. ಆ ಕಡೆ ಒಂದು ಸಲವೂ ಮುರಿದಿಲ್ಲ.

ಲೇತ್ ಕೆಲಸ

ಉತ್ತರ ನೀವೇ ಬರೆದುಬಿಟ್ಟಿರಿ.

ಆ ನುಣ್ಣನೆಯ ಭಾಗ ಒಂದೇ ದಿನದಲ್ಲಿ ಮುರಿದದ್ದಲ್ಲ. ಬಿರುಕು ಒಂದು ಅಂಚಿನಲ್ಲಿ ಶುರುವಾಗಿ ದಿನಕ್ಕೆ ಕೂದಲೆಳೆಯಷ್ಟು ಒಳಗೆ ಹೋಗಿದೆ. ಒಂದೊಂದು ಗೆರೆಯೂ ಅದು ನಿಂತು ಮತ್ತೆ ಮುಂದೆ ಹೋದ ಜಾಗ. ಕಂದು ಬಣ್ಣ ಅಂದರೆ ನೀರು ಹೊಕ್ಕು ತುಕ್ಕು ಹಿಡಿಯುವಷ್ಟು ಹಳೇ ಬಿರುಕು. ಸೋಮವಾರ ಬೆಳಿಗ್ಗೆ ನಿಮ್ಮ ಮಗಳ ಭಾರ ಹೊತ್ತಿದ್ದು ಆ ಹರಳಿನ ಕಾಲು ಭಾಗ ಮಾತ್ರ. ಹಂಪ್ ಬಂದಾಗ ಅದೂ ಕೈಬಿಟ್ಟಿತು.

ಈಗ ಕಾರಣಕ್ಕೆ ಬನ್ನಿ. ಬೋಲ್ಟು ಗೋಡೆಗೆ ಹೊಡೆದ ಮೊಳೆ ಅಲ್ಲ. ಮೊಳೆ ಭಾರವನ್ನು ತನ್ನ ಮೇಲೇ ಹೊರುತ್ತೆ. ಬೋಲ್ಟಿನ ಕೆಲಸ ಎರಡು ವಸ್ತುಗಳನ್ನು ಒತ್ತಿ ಹಿಡಿಯುವುದು. ಆ ಒತ್ತಡದಿಂದ ಕ್ಯಾರಿಯರ್ ಕಾಲೂ ಫ್ರೇಮೂ ಒಂದಕ್ಕೊಂದು ಕಚ್ಚಿಕೊಂಡು, ಭಾರ ಆ ತಿಕ್ಕಾಟದಲ್ಲೇ ಹೋಗುತ್ತೆ. ಒತ್ತಡ ಇರುವವರೆಗೂ ಬೋಲ್ಟಿಗೆ ಬಗ್ಗುವ ಕೆಲಸವೇ ಇರುವುದಿಲ್ಲ. ಒತ್ತಡ ಹೋದರೆ ಅದೇ ಬೋಲ್ಟು ಮೊಳೆ ಆಗುತ್ತೆ. ಪ್ರತಿ ಗುಂಡಿಗೂ ಬಗ್ಗುತ್ತೆ, ನೆಟ್ಟಗಾಗುತ್ತೆ. ತಂತಿಯನ್ನು ಕೈಯಲ್ಲಿ ಆಚೆ ಈಚೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಇಲ್ಲಿ ನಿಧಾನವಾಗಿ ಆಗಿದೆ.

ನೀವು ಬಿಗಿ ಮಾಡಿದ್ದು ನಿಜ. ಆದರೆ ನಾಲ್ಕು ವಾಷರ್ ಅಂದರೆ ಐದು ಕಡೆ ಮುಖಕ್ಕೆ ಮುಖ ಕೂತಿವೆ. ಮೇಲೆ ಪೇಂಟು, ಸಣ್ಣ ಮಣ್ಣು, ವಾಷರಿನ ಏರುತಗ್ಗು. ಮೊದಲ ವಾರದ ಓಡಾಟದಲ್ಲೇ ಇವೆಲ್ಲ ಸ್ವಲ್ಪ ಸ್ವಲ್ಪ ಕುಸಿದು, ನೀವು ಕೊಟ್ಟ ಬಿಗಿ ಹೊರಟುಹೋಗಿದೆ. ಅದರ ಮೇಲೆ ಒಂದು ಸೆಂಟಿಮೀಟರ್ ದೂರ. ದೂರ ಹೆಚ್ಚಿದಷ್ಟೂ ಬಗ್ಗಿಸುವ ಬಲ ಹೆಚ್ಚು. ಬಲಗಡೆ ಬೋಲ್ಟು ಗಟ್ಟಿಯಾಗಿ ನಿಂತಿರುವುದೇ ಇದಕ್ಕೆ ಸಾಕ್ಷಿ.

ಬಸವನಗುಡಿ ಬೆಲ್

ಒಪ್ಪಿಕೊಂಡೆ ಸರ್. ಸಡಿಲ ಆದದ್ದಕ್ಕೇ ಮುರಿಯುತ್ತೆ ಅನ್ನುವುದು ನನಗೆ ಹೊಸದು.

ಶಿವಮೊಗ್ಗ ಮಳೆ

ಗೆರೆಗಳ ವಿವರಣೆ ಓದಿದ ಕೂಡಲೇ ಹೋಗಿ ನನ್ನ ಡಬ್ಬಿಯಲ್ಲಿದ್ದ ಹಳೇ ಸೀಟಿನ ಬೋಲ್ಟು ತೆಗೆದು ನೋಡಿದೆ. ಅದೇ ಗೆರೆಗಳು! ಎರಡು ವರ್ಷದಿಂದ "ಬೋಲ್ಟು ಕಳಪೆ" ಅಂದುಕೊಂಡಿದ್ದೆ.

ಹಳೇ ಸೈಕಲ್

ಲೇತ್ ಅವರು ಹೇಳಿದ್ದೆಲ್ಲ ಸರಿ. ಆದರೆ ಬೋಲ್ಟಿನ ಗುಣಮಟ್ಟವನ್ನೂ ನೋಡಬೇಕು. ನಮ್ಮಪ್ಪನದು ಅರಸೀಕೆರೆ ಕಡೆ ಸೈಕಲ್ ಶಾಪ್ ಇತ್ತು. ತಲೆಯ ಮೇಲೆ ಏನೂ ಬರೆಯದ ಬೋಲ್ಟನ್ನು ಅವರು ಬ್ರೇಕಿಗೆ ಹಾಕುತ್ತಿರಲಿಲ್ಲ. ಮಡ್‌ಗಾರ್ಡಿಗೆ ಮಾತ್ರ.

ತುಂಡು ತೆಗೆಯುವುದಕ್ಕೆ ಒಂದು ನಟ್ಟನ್ನು ಅದರ ಮೇಲೆ ವೆಲ್ಡ್ ಮಾಡಿಸಿ, ಪಾನಾ ಹಾಕಿ ತಿರುಗಿಸಿ. ನಾವು ಹಾಗೇ ಮಾಡುತ್ತಿದ್ದೆವು.

ಲೇತ್ ಕೆಲಸ

ಅಣ್ಣ, ಬೋಲ್ಟಿನ ಮಾತು ನೂರಕ್ಕೆ ನೂರು ಸರಿ. ವೆಲ್ಡಿಂಗ್ ಮಾತ್ರ ಇಲ್ಲಿ ಬೇಡ. ನಿಮ್ಮ ತಂದೆಯವರು ಮಾಡಿದ್ದು ಕಬ್ಬಿಣದ ಫ್ರೇಮಿನ ಮೇಲೆ. ಇದು ಅಲ್ಯೂಮಿನಿಯಂ, ಬೋಲ್ಟು 5 ಮಿ.ಮೀ. ಮಾತ್ರ, ಅದೂ ಒಳಗೆ ಮುಳುಗಿದೆ. ಆ ಕಾವಿಗೆ ಸುತ್ತಲಿನ ಅಲ್ಯೂಮಿನಿಯಂ ಮೆತ್ತಗಾಗುತ್ತೆ. ಚಕ್ರ ಕೂರುವ ಜಾಗ ಅದು.

ತೆಗೆಯುವ ದಾರಿ ಹೇಳುತ್ತೇನೆ. ಚಕ್ರ ಬಿಚ್ಚಿ. ಬ್ರೇಕ್ ಪ್ಯಾಡನ್ನೂ ತೆಗೆದು ಬೇರೆ ಇಡಿ. ಎಣ್ಣೆಯ ಒಂದು ಹನಿ ಪ್ಯಾಡಿಗೆ ಬಿದ್ದರೂ ಬ್ರೇಕ್ ಹಿಡಿಯಲ್ಲ. ಆಮೇಲೆ ಒಳಗಿನ ಕಡೆಯಿಂದ ನೋಡಿ. ಸಾಮಾನ್ಯವಾಗಿ ಆ ತೂತು ಆರಪಾರ ಇರುತ್ತೆ. ತುಂಡಿನ ತುದಿ ಒಳಗೆ ಕಾಣುತ್ತಾ?

ಮೈಸೂರು ಪೆಡಲ್

ಕಾಣುತ್ತೆ ಸರ್. ಒಂದೆರಡು ಸುತ್ತಿನ ಥ್ರೆಡ್ಡು ಒಳಕ್ಕೆ ಚಾಚಿಕೊಂಡಿದೆ.

ಲೇತ್ ಕೆಲಸ

ಹಾಗಾದರೆ ಅರ್ಧ ಕೆಲಸ ಆದ ಹಾಗೆ. ಎರಡೂ ಕಡೆಯಿಂದ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇರಲಿ. ಬೆಳಿಗ್ಗೆ ಹೊರಗಿನ ಮುಖದ ನಡುವೆ ಸೆಂಟರ್ ಪಂಚ್‌ನಿಂದ ಒಂದು ಚುಕ್ಕಿ ಗುದ್ದಿ. ಸರಿಯಾಗಿ ನಡುವೆ ಇರಬೇಕು, ಅವಸರ ಬೇಡ. 2.5 ಮಿ.ಮೀ. ಡ್ರಿಲ್ ಬಿಟ್ (ಕೊರೆಯುವ ಕಡ್ಡಿ) ಹಾಕಿ, ನಿಧಾನ ವೇಗ. ಡ್ರಿಲ್ ಬಲಕ್ಕೆ ತಿರುಗುತ್ತೆ, ಬೋಲ್ಟು ಒಳಗೆ ಹೋಗುವುದೂ ಬಲಕ್ಕೇ. ಡ್ರಿಲ್ ಬಿಟ್ ಕಚ್ಚಿಕೊಂಡರೆ ತುಂಡು ತಾನಾಗಿ ಒಳಕ್ಕೆ ತಿರುಗುತ್ತಾ ಹೋಗಿ ಆ ಕಡೆ ಉದುರುತ್ತೆ. ಹೊರಗೆ ಎಳೆಯಲು ಒದ್ದಾಡುವುದೇ ಬೇಡ.

ಇನ್ನೊಂದು ಮಾತು. ಅಂಗಡಿಯಲ್ಲಿ ಮುರಿದ ಬೋಲ್ಟು ತೆಗೆಯಲು ಎಕ್ಸ್‌ಟ್ರಾಕ್ಟರ್ ಅಂತ ಕೊಡುತ್ತಾರೆ. ಇಷ್ಟು ಸಣ್ಣ ಬೋಲ್ಟಿಗೆ ಅದನ್ನು ಹಾಕಬೇಡಿ. ಅದು ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯಲ್ಲ. ಆಗ ನಿಜವಾಗಿಯೂ ಕಷ್ಟ.

ಧಾರವಾಡ ಗಾಲಿ

ಡ್ರಿಲ್ ಇಲ್ಲದವರು ಒಳಗಿನ ತುದಿಗೆ ಸಣ್ಣ ಗರಗಸದಿಂದ ಒಂದು ಸೀಳು ಕೊರೆದು ಸ್ಕ್ರೂಡ್ರೈವರ್ ಹಾಕಿ ತಿರುಗಿಸಬಹುದು. ನಾನು ಹಾಗೇ ತೆಗೆದಿದ್ದೇನೆ.

ಬಸವನಗುಡಿ ಬೆಲ್

ಥ್ರೆಡ್ಡು ಹಾಳಾದರೆ?

ಲೇತ್ ಕೆಲಸ

ಥ್ರೆಡ್ಡು ಕೊರೆಯುವ ಎಂ5 ಟ್ಯಾಪ್, 0.8 ಪಿಚ್ಚಿನದು (ಥ್ರೆಡ್ಡಿನ ಸುತ್ತಿನಿಂದ ಸುತ್ತಿಗೆ 0.8 ಮಿ.ಮೀ.), ಒಂದು ಸಲ ಓಡಿಸಿದರೆ ಸಾಕು. ಪೂರ್ತಿ ತಿಂದು ಹೋಗಿದ್ದರೆ, ಸುತ್ತ ಲೋಹ ಸಾಕಷ್ಟು ಇದೆಯಾ ನೋಡಿಕೊಂಡು, 5 ಮಿ.ಮೀ. ತೂತು ಮಾಡಿ ಎಂ6 ಟ್ಯಾಪ್ ಹಾಕಬಹುದು. ಟ್ಯಾಪ್ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ.

ಉಡುಪಿ ಗಾಳಿ

ಕರಾವಳಿಯವರ ಕಷ್ಟವನ್ನೂ ಕೇಳಿ. ನಮ್ಮಲ್ಲಿ ಬೋಲ್ಟು ಸಡಿಲ ಆಗುವುದಕ್ಕಿಂತ ಕಚ್ಚಿಕೊಂಡು ಕೂರುವುದೇ ಜಾಸ್ತಿ. ಉಪ್ಪು ಗಾಳಿ, ನಾಲ್ಕು ತಿಂಗಳು ಮಳೆ. ಅಲ್ಯೂಮಿನಿಯಂ ಫ್ರೇಮಿನಲ್ಲಿ ಸ್ಟೀಲ್ ಬೋಲ್ಟು ಕೂತು, ಮೇಲೆ ಉಪ್ಪುನೀರು ಬಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಬೋಲ್ಟನ್ನು ಹಿಡಿದುಕೊಳ್ಳುತ್ತೆ. ಸ್ಟೇನ್‌ಲೆಸ್ ಹಾಕಿದರೂ ಇದು ತಪ್ಪಲ್ಲ. ಬೋಲ್ಟಿಗೆ ತುಕ್ಕು ಬರಲ್ಲ, ಫ್ರೇಮ್ ಸವೆಯುತ್ತೆ. ನಾನು ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಎಲ್ಲಾ ಬೋಲ್ಟು ಬಿಚ್ಚಿ ಗ್ರೀಸ್ ಹಚ್ಚುತ್ತೇನೆ. ಸೀಟಿನ ಕಂಬಿಯನ್ನೂ ಎಳೆದು ತೆಗೆದು ಒರೆಸಿ ಹಾಕುತ್ತೇನೆ. ಒಮ್ಮೆ ಒಂದು ವರ್ಷ ಬಿಟ್ಟಿದ್ದೆ, ಅದು ಫ್ರೇಮಿಗೇ ಅಂಟಿಕೊಂಡಿತು, ಎರಡು ದಿನ ಬೇಕಾಯಿತು.

ಶಿವಮೊಗ್ಗ ಮಳೆ

ಗ್ರೀಸ್ ಹಚ್ಚಿದರೆ ಬೋಲ್ಟು ಸಡಿಲ ಆಗಲ್ವಾ? ಥ್ರೆಡ್ ಲಾಕ್ (ಬೋಲ್ಟು ಸಡಿಲ ಆಗದ ಹಾಗೆ ಹಿಡಿಯುವ ಅಂಟು) ಹಾಕಿ ಅಂತ ಎಲ್ಲ ಕಡೆ ಹೇಳುತ್ತಾರಲ್ಲ?

ಉಡುಪಿ ಗಾಳಿ

ಇಷ್ಟು ವರ್ಷ ನನಗೆ ಆಗಿಲ್ಲ ಮೇಡಂ.

ಧಾರವಾಡ ಗಾಲಿ

ನನಗೆ ಆಗಿದೆ. ಡಿಸ್ಕ್ ಪ್ಲೇಟಿನ ಬೋಲ್ಟಿಗೆ ಗ್ರೀಸ್ ಹಾಕಿದ್ದೆ, ಎರಡು ಬೋಲ್ಟು ತಾವಾಗೇ ಹೊರಗೆ ಬಂದಿದ್ದವು. ಬ್ರೇಕಿನ ಹತ್ತಿರ ಗ್ರೀಸ್ ಒಯ್ಯಲೇಬಾರದು.

ಲೇತ್ ಕೆಲಸ

ಇಬ್ಬರದೂ ಸರಿ, ಜಾಗ ಬೇರೆ ಅಷ್ಟೆ. ಸೀಟಿನ ಕ್ಲಾಂಪು, ಬಾಟಲಿ ಸ್ಟ್ಯಾಂಡು, ಪೆಡಲ್, ಇಲ್ಲೆಲ್ಲ ಗ್ರೀಸ್. ಸದಾ ನಡುಗುವ ಜಾಗಕ್ಕೆ, ಅಂದರೆ ಡಿಸ್ಕ್ ಪ್ಲೇಟು, ಕ್ಯಾಲಿಪರ್, ಕ್ಯಾರಿಯರ್, ಮಡ್‌ಗಾರ್ಡು, ಇವಕ್ಕೆ ನೀಲಿ ಥ್ರೆಡ್ ಲಾಕ್. ಅದು ಒಣಗಿದ ಮೇಲೆ ಥ್ರೆಡ್ಡಿನ ಸಂದನ್ನು ಮುಚ್ಚಿ ನೀರನ್ನೂ ತಡೆಯುತ್ತೆ. ಕಾರ್ಬನ್ ಸೀಟ್ ಕಂಬಿ ಇದ್ದವರು ಗ್ರೀಸ್ ಹಚ್ಚಬೇಡಿ, ಅದಕ್ಕೆ ಬೇರೆ ಪೇಸ್ಟ್ ಇದೆ.

ಕೊಳ್ಳುವಾಗ ಜೋಪಾನ. ಲಾಕ್‌ಟೈಟ್ 243 ತಗೊಂಡರೆ ಡಬ್ಬಿ ಕೆಂಪೇ ಇರುತ್ತೆ, ಒಳಗಿನ ದ್ರವ ನೀಲಿ. ಡಬ್ಬಿಯ ಬಣ್ಣ ನೋಡಬೇಡಿ, ನಂಬರ್ ನೋಡಿ. 271 ತಂದುಬಿಟ್ಟರೆ ಕಾಯಿಸದೆ ಬಿಚ್ಚಲು ಆಗಲ್ಲ. ಥ್ರೆಡ್ಡಿನಲ್ಲಿ ಹಳೇ ಎಣ್ಣೆ ಇರದ ಹಾಗೆ ತೊಳೆದು ಒಂದು ಹನಿ ಸಾಕು. ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ.

ಹಳೇ ಸೈಕಲ್

ಅಪ್ಪ ಉಗುರಿಗೆ ಹಚ್ಚುವ ಬಣ್ಣ ಹಾಕುತ್ತಿದ್ದರು. ಕೆಲಸ ಮಾಡುತ್ತಿತ್ತು.

ಬಸವನಗುಡಿ ಬೆಲ್

ಬಿಗಿ ಎಷ್ಟು ಅಂತ ಯಾರೂ ಹೇಳಲಿಲ್ಲ. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದವರು ಏನು ಮಾಡಬೇಕು? ಕೈ ಅಂದಾಜು ಅಂದರೆ ಒಬ್ಬೊಬ್ಬರ ಕೈ ಒಂದೊಂದು ಥರ.

ಹಳೇ ಸೈಕಲ್

ಕೈ ಅಂದಾಜು ಸಾಕು ಸಾರ್. ಇಡೀ ಜಿಲ್ಲೆಯ ಸೈಕಲ್ ಅದರ ಮೇಲೇ ಓಡಿವೆ.

ಶಿವಮೊಗ್ಗ ಮಳೆ

ಆ ಕಾಲದ ಸೈಕಲ್‌ಗೆ ಕಬ್ಬಿಣದ ನಟ್ಟು, ಕಬ್ಬಿಣದ ಬೋಲ್ಟು. ಸ್ವಲ್ಪ ಆಚೀಚೆ ಆದರೂ ತಡೆಯುತ್ತಿತ್ತು. ಈಗಿನ ಹ್ಯಾಂಡಲ್ ಕ್ಲಾಂಪಿಗೆ 5 ನ್ಯೂಟನ್ ಮೀಟರ್ ಅಂತ ಬರೆದಿದ್ದರೆ ಅಷ್ಟೇ ಕೊಡಬೇಕು.

ರೆಂಚ್ ಇಲ್ಲದವರಿಗೆ ನಾನು ಮಾಡುವ ಉಪಾಯ ಹೇಳುತ್ತೇನೆ. ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ಇದೆಯಲ್ಲ, ಅದನ್ನು ಅಲೆನ್ ಕೀ (ಬೋಲ್ಟು ತಿರುಗಿಸುವ ಆರು ಮೂಲೆಯ ಕಡ್ಡಿ) ತುದಿಗೆ ಸಿಕ್ಕಿಸಿ. ಬೋಲ್ಟಿನ ನಡುವಿನಿಂದ ಕೊಕ್ಕೆಯವರೆಗೆ ಸರಿಯಾಗಿ 10 ಸೆಂ.ಮೀ. ಇರಲಿ. ಕೀಗೆ ಅಡ್ಡಲಾಗಿ, ನೇರ ಕೋನದಲ್ಲಿ ಎಳೆಯಿರಿ. ತಕ್ಕಡಿ 5 ಕೆ.ಜಿ. ತೋರಿಸಿದಾಗ ನೀವು ಕೊಟ್ಟದ್ದು ಹತ್ತಿರ ಹತ್ತಿರ 5 ನ್ಯೂಟನ್ ಮೀಟರ್. ನಾಲ್ಕು ಸಲ ಹೀಗೆ ಮಾಡಿ. ಆಮೇಲೆ ಕೈಗೇ ಗೊತ್ತಾಗುತ್ತೆ.

ಲೇತ್ ಕೆಲಸ

ಮೇಡಂ, ಇದು ಬಹಳ ಚೆನ್ನಾಗಿದೆ. ನಮ್ಮ ಹುಡುಗರಿಗೆ ನಾಳೆಯೇ ತೋರಿಸುತ್ತೇನೆ.

ಹಳೇ ಸೈಕಲ್

ತಕ್ಕಡಿ ಉಪಾಯ ಒಪ್ಪಿದೆ. ನಾನೂ ಮಾಡಿ ನೋಡುತ್ತೇನೆ.

ಬಸವನಗುಡಿ ಬೆಲ್

ವಿಷಯ ಸ್ವಲ್ಪ ಬೇರೆ. ನನ್ನ ಎಡಗಡೆ ಪೆಡಲ್ ಸಡಿಲ ಆಗಿತ್ತು. ಒಂದು ಅಂಗಡಿಯಲ್ಲಿ ಹುಡುಗ ಬಲಕ್ಕೆ ತಿರುಗಿಸಿ ತಿರುಗಿಸಿ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಥ್ರೆಡ್ಡೇ ಕಿತ್ತುಹಾಕಿದ. ಎಲ್ಲ ಬೋಲ್ಟೂ ಬಲಕ್ಕೆ ಬಿಗಿ ಅಲ್ವಾ?

ಧಾರವಾಡ ಗಾಲಿ

ಎಡ ಪೆಡಲ್ ಉಲ್ಟಾರೀ. ಎಡಕ್ಕೆ ತಿರುಗಿಸಿದರೆ ಬಿಗಿ. ಇಲ್ಲದಿದ್ದರೆ ತುಳಿಯುತ್ತಾ ತುಳಿಯುತ್ತಾ ತಾನಾಗೇ ಬಿಚ್ಚಿಕೊಳ್ಳುತ್ತೆ. ವಿಮಾನ ಹಾರಿಸಿದ ರೈಟ್ ಸಹೋದರರಿಗೆ ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇತ್ತು. ಅವರೂ ತಮ್ಮ ಸೈಕಲ್‌ಗೆ ಎಡ ಪೆಡಲ್ ಉಲ್ಟಾ ಥ್ರೆಡ್ಡಿನದೇ ಹಾಕುತ್ತಿದ್ದರು.

ಹಳೇ ಸೈಕಲ್

ಎಡ ಬಲ ನೆನಪಿಡುವುದು ಕಷ್ಟ ಆದರೆ ಹೀಗೆ ಮಾಡಿ. ಪಾನಾ ಪೆಡಲ್ ಮೇಲೆ ನೆಟ್ಟಗೆ ನಿಲ್ಲಿಸಿ. ಹಿಡಿಯನ್ನು ಮುಂದಿನ ಚಕ್ರದ ಕಡೆ ತಳ್ಳಿದರೆ ಬಿಗಿ, ಹಿಂದಿನ ಚಕ್ರದ ಕಡೆ ಎಳೆದರೆ ಸಡಿಲ. ಎರಡೂ ಪೆಡಲ್‌ಗೆ ಇದೇ. ನನಗೆ ಏಳು ವರ್ಷ ಇದ್ದಾಗ ಅಪ್ಪ ಹೇಳಿಕೊಟ್ಟದ್ದು.

ಆಗೆಲ್ಲ ಕಾಟರ್ ಪಿನ್ (ಕ್ರ್ಯಾಂಕನ್ನು ಅಚ್ಚಿಗೆ ಹಿಡಿಸುವ ಬೆಣೆ) ಕಾಲ. ಪಿನ್ ಸವೆದರೆ ಪ್ರತಿ ಸುತ್ತಿಗೂ ಟಕ್ ಟಕ್. ಸುತ್ತಿಗೆಯಲ್ಲಿ ಹೊಡೆಯುವಾಗ ಅಪ್ಪ ಕ್ರ್ಯಾಂಕಿನ ಕೆಳಗೆ ಒಂದು ಕಬ್ಬಿಣದ ಕೊಳವೆ ಆಸರೆ ಕೊಡುತ್ತಿದ್ದರು, ಏಟು ಒಳಗಿನ ಗುಂಡುಗಳಿಗೆ ತಾಗಬಾರದು ಅಂತ. ಹೊಡೆದ ಮೇಲೆ ನಟ್ಟು ಬಿಗಿ ಮಾಡಿ, "ನಾಳೆ ಈ ಕಡೆ ಬಂದಾಗ ನಿಲ್ಲಿಸು, ಇನ್ನೊಮ್ಮೆ ಬಿಗಿ ಮಾಡಬೇಕು" ಅಂತ ಹೇಳಿ ಕಳಿಸುತ್ತಿದ್ದರು. ದುಡ್ಡು ತಗೊಳ್ಳುತ್ತಿರಲಿಲ್ಲ. ಲೇತ್ ಅವರು ಮೊದಲ ವಾರದಲ್ಲೇ ಬಿಗಿ ಹೋಗುತ್ತೆ ಅಂದದ್ದು ಓದಿದಾಗ ಅಪ್ಪನ ಆ ಮಾತು ಇವತ್ತು ಅರ್ಥ ಆಯಿತು.

ಉಡುಪಿ ಗಾಳಿ

ಎಂಥ ಒಳ್ಳೆಯ ನೆನಪು ಮಾರಾಯ್ರೆ.

ಹೈಸ್ಕೂಲ್ ಮೇಷ್ಟ್ರು

ಸುಮ್ನೆ ಓದುತ್ತಿದ್ದೆ, ಬರೆಯಬೇಕು ಅನ್ನಿಸಿತು. ಸರ್ಕಾರ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಐದಾರು ಕಿಲೋಮೀಟರ್ ಕಲ್ಲು ರಸ್ತೆಯಲ್ಲಿ ಬರುತ್ತಿದ್ದರು. ಆ ರಸ್ತೆಗೆ ಯಾವ ನಟ್ಟೂ ನಿಲ್ಲುವುದಿಲ್ಲ. ಹಾಗಾಗಿ ಶನಿವಾರ ಕೊನೆಯ ಪೀರಿಯಡ್ ಪಾನಾ ಪೀರಿಯಡ್ ಅಂತ ಮಾಡಿದೆ. ಎರಡೂ ತುದಿ ಗುಂಡಗಿದ್ದು ನಾನಾ ಅಳತೆಯ ತೂತಿರುವ ಒಂದೇ ಪಾನಾ, ಸರದಿಯಲ್ಲಿ ಹೋಗುತ್ತಿತ್ತು. ಚಕ್ರದ ನಟ್ಟು, ಬ್ರೇಕು, ಸೀಟು, ಕ್ಯಾರಿಯರ್, ಈ ಕ್ರಮದಲ್ಲೇ ಮುಟ್ಟಿ ನೋಡಬೇಕು. ಒಬ್ಬಳು ಈಗ ನರ್ಸ್. ಹೋದ ವರ್ಷ ಸಿಕ್ಕಾಗ "ಸಾರ್, ಈಗಲೂ ಶನಿವಾರ ಸ್ಕೂಟರ್ ನಟ್ಟು ಮುಟ್ಟಿ ನೋಡ್ತೀನಿ" ಅಂದಳು.

ಬಸವನಗುಡಿ ಬೆಲ್

ಸಾರ್, ಓದಿ ಬಹಳ ಸಂತೋಷವಾಯಿತು. ನಮ್ಮ ಮನೆಯಲ್ಲಿ ಆಯುಧ ಪೂಜೆ ದಿನ ಸೈಕಲ್ ತೊಳೆದು ಹೂ ಹಾಕುವಾಗ ಎಲ್ಲ ಬೋಲ್ಟು ನೋಡುತ್ತೇವೆ.

ಶಿವಮೊಗ್ಗ ಮಳೆ

ವರ್ಷಕ್ಕೊಂದು ಸಲ ಸಾಲದು ಬೆಲ್ ಅವರೇ. ಹೊಸ ಬೋಲ್ಟು ಹಾಕಿದರೆ ಮೊದಲ 50 ಕಿ.ಮೀ. ಆದ ಮೇಲೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಮಗು ಕೂರುವ ಸೀಟಾದರೆ ವಾರಕ್ಕೊಮ್ಮೆ.

ಇನ್ನೂ ಸುಲಭ ಬೇಕಾದರೆ ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ಫ್ರೇಮಿನವರೆಗೆ ಬಣ್ಣದ ಒಂದು ಗೆರೆ ಎಳೆಯಿರಿ. ಬೋಲ್ಟು ತಿರುಗಿದರೆ ಗೆರೆ ಎರಡು ತುಂಡಾಗಿ ಕಾಣುತ್ತೆ. ಪಾನಾ ಮುಟ್ಟುವುದೇ ಬೇಡ.

ಲೇತ್ ಕೆಲಸ

ಗೆರೆ ಒಳ್ಳೆಯದು, ಆದರೆ ಪೂರ್ತಿ ನಂಬಬೇಡಿ. ವಾಷರ್ ಕುಸಿದು ಬಿಗಿ ಹೋದಾಗ ಬೋಲ್ಟು ತಿರುಗಿಯೇ ಇರುವುದಿಲ್ಲ. ಗೆರೆ ನೆಟ್ಟಗೇ ಇರುತ್ತೆ. ಮೊದಲ 50 ಕಿ.ಮೀ. ಆದ ಮೇಲೆ ಕೀ ಹಾಕಿ ನೋಡಲೇಬೇಕು.

ಶಿವಮೊಗ್ಗ ಮಳೆ

ಇದು ನನಗೆ ಹೊಳೆದಿರಲಿಲ್ಲ. ಥ್ಯಾಂಕ್ಸ್ ಸರ್.

ಮೈಸೂರು ಪೆಡಲ್

ಎಲ್ಲರಿಗೂ ವಂದನೆ. ಹತ್ತು ದಿನ ಆಯಿತು, ಏನಾಯಿತು ಅಂತ ಬರೆಯುತ್ತೇನೆ.

ತುಂಡು ಬಂತು! ಎರಡು ರಾತ್ರಿ ಎಣ್ಣೆ ಬಿಟ್ಟಿದ್ದೆ. ಡ್ರಿಲ್ ಬಿಟ್ ಮೊದಲು ಸುಮ್ನೆ ಸುತ್ತುತ್ತಿತ್ತು, ಸಣ್ಣ ಸಣ್ಣ ಹೊಳೆಯುವ ಸುರುಳಿ ಬರುತ್ತಿತ್ತು. ಆಮೇಲೆ ಒಂದು ಕ್ಷಣ ಕಚ್ಚಿಕೊಂಡಿತು. ನೋಡುತ್ತಿದ್ದ ಹಾಗೇ ತುಂಡು ಒಳಕ್ಕೆ ತಿರುಗುತ್ತಾ ಹೋಗಿ ನೆಲಕ್ಕೆ ಟಣ್ ಅಂತ ಬಿತ್ತು. ಮಗಳು ಚಪ್ಪಾಳೆ ತಟ್ಟಿದಳು. ಥ್ರೆಡ್ಡು ಹಾಗೇ ಇದೆ, ಟ್ಯಾಪ್ ಒಂದು ಸಲ ಓಡಿಸಿದೆ.

ನಾಲ್ಕು ವಾಷರ್ ಬದಲು ಲೇತ್‌ನಲ್ಲಿ ಒಂದೇ ಗಟ್ಟಿ ಬುಷ್ (ಬೋಲ್ಟು ತೂರುವ ಕೊಳವೆ ತುಂಡು) ಮಾಡಿಸಿದೆ. ಬೋಲ್ಟನ್ನು ಬೆಂಗಳೂರಿಗೆ ಹೋಗಿದ್ದ ತಮ್ಮನ ಕೈಯಲ್ಲಿ ಎಸ್.ಜೆ.ಪಿ. ರಸ್ತೆಯಿಂದ ತರಿಸಿದೆ, ತಲೆಯ ಮೇಲೆ 8.8 ಅಂತ ಗಟ್ಟಿತನದ ಗುರುತು ಇದೆ. ನೀಲಿ ಥ್ರೆಡ್ ಲಾಕ್ ಹಾಕಿ, ತಕ್ಕಡಿ ಹಿಡಿದು 5 ಕೆ.ಜಿ.ಗೆ ಬಿಗಿ ಮಾಡಿದೆ. ಒಂದು ದಿನ ಮುಟ್ಟಲಿಲ್ಲ. ಕೆಂಪು ಉಗುರುಬಣ್ಣದ ಗೆರೆ ಎಳೆದದ್ದು ಮಗಳು. ಮೊದಲ ವಾರ ಅವಳನ್ನು ಕೂರಿಸಲಿಲ್ಲ. 15 ಕೆ.ಜಿ. ಅಕ್ಕಿ ಮೂಟೆ ಕಟ್ಟಿಕೊಂಡು ಅದೇ ರಸ್ತೆಯಲ್ಲಿ 60 ಕಿ.ಮೀ. ಓಡಿಸಿದೆ. ಆಮೇಲೆ ಕೀ ಹಾಕಿ ನೋಡಿದೆ, ಕದಲಿಲ್ಲ.

ಲೇತ್ ಕೆಲಸ

ಬಹಳ ಸಂತೋಷ. ಒಂದು ಬಾಕಿ ಇದೆ. ಬೋಲ್ಟಿನ ತುದಿ ಒಳಗಿನ ಕಡೆ ಎಷ್ಟು ಚಾಚಿದೆ? ಜಾಗ ಇದ್ದರೆ ಅಲ್ಲಿಗೊಂದು ನೈಲಾನ್ ನಟ್ಟು (ಒಳಗೆ ನೈಲಾನ್ ಉಂಗುರ ಇರುವುದು) ಹಾಕಿ. ಬೋಲ್ಟು ಮುರಿದರೂ ತುಂಡು ಸುಲಭವಾಗಿ ಹಿಡಿಯಲು ಸಿಗುತ್ತೆ. ಓಡಿಸುವ ಮೊದಲು ಚಕ್ರ ಕೂರಿಸಿ ಡಿಸ್ಕ್ ಪ್ಲೇಟಿಗೆ ತಾಗುತ್ತಾ ತಿರುಗಿಸಿ ನೋಡಿ.

ಮೈಸೂರು ಪೆಡಲ್

ಎರಡು ಮಿ.ಮೀ. ಮಾತ್ರ ಚಾಚಿದೆ ಸರ್, ನಟ್ಟು ಕೂರಲ್ಲ. ಇದಕ್ಕಿಂತ 5 ಮಿ.ಮೀ. ಹೆಚ್ಚು ಉದ್ದದ ಬೋಲ್ಟು ಬೇಕು.

ಧಾರವಾಡ ಗಾಲಿ

ಬುಷ್ ಉದ್ದ ಎಷ್ಟು ಮಾಡಿಸಿದಿರಿ? ನನ್ನ ಸೈಕಲ್‌ಗೂ ಬೇಕು.

ಮೈಸೂರು ಪೆಡಲ್

12 ಮಿ.ಮೀ. ಆದರೆ ನೀವು ನಿಮ್ಮ ಕ್ಯಾಲಿಪರ್ ಅಳೆದೇ ಮಾಡಿಸಿ, ಅದಕ್ಕಿಂತ ಒಂದು ಮಿ.ಮೀ. ಕೂಡ ಜಾಸ್ತಿ ಬೇಡ.